ಬೀರುವಿನ ಬೀಗ ತೆಗೆಸಿದ ಗಣಿತದ ಮೇಷ್ಟರು

ಭಾರತದ ವಿಶ್ವವಿದ್ಯಾಲಯ ಗ್ರಂಥಾಲಯಗಳ ಚರಿತ್ರೆಯಲ್ಲಿ ಎಸ್.ಆರ್. ರಂಗನಾಥನ್ ಅವರದು ದೊಡ್ಡ ಹೆಸರು. ಆದರೆ ಅವರು ಆ ವೃತ್ತಿಗೆ ಒಲಿದು ಬಂದವರಲ್ಲ. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಅವರು 1917ರಲ್ಲಿ ಗಣಿತದ ಅಧ್ಯಾಪನ ಆರಂಭಿಸಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅಲ್ಲಿನ ಏಕಾಂತ ಅವರಿಗೆ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ಪಾಠದ ಕೋಣೆಗೆ ಮರಳಲು ಹಂಬಲಿಸಿದರು. ಅವರ ಬದುಕು ಹೊರಳಿದ್ದು ತರಬೇತಿಗೆಂದು ಲಂಡನ್ನಿಗೆ ಹೋದಾಗ.

ಅಲ್ಲಿ ಅವರು ಅನೇಕ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಪುಸ್ತಕಗಳನ್ನು ಕಾಯುವುದಲ್ಲ, ಓದುಗನ ಕೈಗೆ ತಲುಪಿಸುವುದೇ ಈ ವೃತ್ತಿಯ ಧರ್ಮವೆಂಬುದು ಅವರಿಗೆ ಮನವರಿಕೆಯಾಯಿತು. 1925ರಲ್ಲಿ ಮರಳಿದ ಮೇಲೆ ಮದ್ರಾಸಿನಲ್ಲಿ ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸುವ ವ್ಯವಸ್ಥೆ ತಂದರು. ಗ್ರಂಥಾಲಯ ತೆರೆದಿರುವ ಅವಧಿಯನ್ನು ಹೆಚ್ಚಿಸಿದರು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳು ಈ ಅನುಭವದ ಸಾರ. ಪುಸ್ತಕದ ಬಳಕೆ, ಓದುಗನ ಹಕ್ಕು, ಅವನ ಸಮಯದ ಉಳಿತಾಯ, ಗ್ರಂಥಾಲಯದ ನಿರಂತರ ಬೆಳವಣಿಗೆ ಇವೇ ಅವುಗಳ ಕಾಳಜಿ.

1933ರ ಕೋಲನ್ ವರ್ಗೀಕರಣದಲ್ಲಿ ಅವರೊಳಗಿನ ಗಣಿತಜ್ಞ ಕಾಣುತ್ತಾನೆ. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೋ ಆಟಿಕೆ ಇದಕ್ಕೆ ಪ್ರೇರಣೆ. ಕೆಲವೇ ಬಿಡಿ ತುಂಡುಗಳಿಂದ ಹಲವು ಯಂತ್ರಗಳನ್ನು ಜೋಡಿಸುವಂತೆ, ವಿಷಯವನ್ನೂ ಬಿಡಿಸಿ ಜೋಡಿಸಬಹುದು. ಭತ್ತ, ಅದರ ರೋಗ, ಚಿಕಿತ್ಸೆ, ಪ್ರದೇಶ, ಕಾಲ: ಇವಕ್ಕೆ ಬೇರೆ ಬೇರೆ ಸಂಕೇತ ಕೊಟ್ಟು ಕೂಡಿಸಿದರೆ ನಾಳೆ ಹುಟ್ಟುವ ಸಂಶೋಧನೆಗೂ ಒಂದು ಸ್ಥಾನ ಸಿಗುತ್ತದೆ.

ಮುಂದೆ ಬನಾರಸ್, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ದುಡಿದ ಅವರು ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಜೀವಮಾನದ ಉಳಿತಾಯವನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಪತ್ನಿಯ ಹೆಸರಿನಲ್ಲಿ ಕೊಟ್ಟಿದ್ದ ಅವರು 1972ರಲ್ಲಿ ತೀರಿಕೊಂಡರು.

ಅವರ ಸೂತ್ರಗಳು ಪಠ್ಯಪುಸ್ತಕದಲ್ಲಿ ಮಾತ್ರ ಉಳಿದಾವೇ ಎಂಬ ಆತಂಕ ನನ್ನದು. ಕಪಾಟಿನ ಬೀಗದ ಜಾಗಕ್ಕೆ ಈಗ ಚಂದಾ ಹಣವೆಂಬ ಬೀಗ ಬಂದಿದೆ. ದುಬಾರಿ ಸಂಶೋಧನಾ ನಿಯತಕಾಲಿಕಗಳಿಗಾಗಿ ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಿಟ್ಟಿತು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ಸುಮಾರು 13,000 ನಿಯತಕಾಲಿಕಗಳ ಬಾಗಿಲು ತೆರೆಯುವ ಈ ಹೆಜ್ಜೆ ಸ್ವಾಗತಾರ್ಹ. ಆದರೆ ಸರ್ಕಾರಿ ಸಂಸ್ಥೆಗಳನ್ನಷ್ಟೇ ಗಮನದಲ್ಲಿಟ್ಟು ರೂಪಿಸಿದ ಈ ಯೋಜನೆಯಲ್ಲಿ, ಯಾವ ಸಂಸ್ಥೆಗೂ ಸೇರದ ಸ್ವತಂತ್ರ ಸಂಶೋಧಕನಿಗೆ ಎಡೆ ಎಲ್ಲಿ? ಅಷ್ಟು ಸಾಮಗ್ರಿಯ ನಡುವೆ ಬೇಕಾದುದನ್ನು ಹುಡುಕಿಕೊಡಲು ನುರಿತ ಗ್ರಂಥಪಾಲಕರೂ ಬೇಕಲ್ಲವೇ? ಖರ್ಚಾದ ಹಣದ ಲೆಕ್ಕದಿಂದ ರಂಗನಾಥನ್ ತೃಪ್ತರಾಗುತ್ತಿರಲಿಲ್ಲ. ಎಷ್ಟು ಓದುಗರಿಗೆ ತಮಗೆ ಬೇಕಾದ ಬರಹ ಸಿಕ್ಕಿತು ಎಂಬುದೇ ನಾವು ಇಡಬೇಕಾದ ಲೆಕ್ಕ.