ನಡೆಯುವುದೇ ಕಷ್ಟ ಎಂದಿದ್ದರು, ವಿಶ್ವಕಪ್ ಎತ್ತಿದ!

ರಗ್ಬಿ ಎಂದರೆ ನಮ್ಮ ಕಡೆಯವರಿಗೆ ಟಿವಿಯಲ್ಲಿ ಚಾನೆಲ್ ಬದಲಿಸುವಾಗ ಕಣ್ಣಿಗೆ ಬೀಳುವ ಆಟ. ಮೊಟ್ಟೆಯಂಥ ಚೆಂಡು, ಅದನ್ನು ಹಿಡಿದವನ ಮೇಲೆ ಮೂರು ನಾಲ್ಕು ಜನ ದಾಂಡಿಗರು ಬಿದ್ದು ಕೆಡವುವುದು, ಅಷ್ಟೇ. ಕಬಡ್ಡಿ ಆಡಿದವರಿಗೆ ಈ ಹಿಡಿದು ಕೆಡವುವ ಕೆಲಸ ಹೊಸತೇನಲ್ಲ. ಆದರೆ ರಗ್ಬಿಯಲ್ಲಿ ಎರಡು ಜಾತಿ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿರಲಾರದು. 15 ಜನ ಆಡುವುದು ರಗ್ಬಿ ಯೂನಿಯನ್, 13 ಜನ ಆಡುವುದು ರಗ್ಬಿ ಲೀಗ್. ಕ್ಲೈವ್ ಸಲಿವನ್ ಈ ಎರಡನೆಯ ಆಟದವರು. ಬ್ರಿಟನ್ನಿನ ಯಾವುದೇ ಕ್ರೀಡೆಯ ರಾಷ್ಟ್ರೀಯ ತಂಡಕ್ಕೆ ನಾಯಕನಾದ ಮೊದಲ ಕಪ್ಪು ವರ್ಣೀಯ.

ಎರಡು ಜಾತಿ ಏಕಾಯಿತು ಎಂಬುದನ್ನು ಮೊದಲು ಹೇಳಬೇಕು. ಅದಿಲ್ಲದೆ ಸಲಿವನ್ ಕಥೆ ಅರ್ಥವಾಗುವುದಿಲ್ಲ. 1895ರ ಮಾತು. ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಹೆಚ್ಚಿನವರು ಗಣಿ, ಗಿರಣಿಯ ಕೂಲಿಕಾರರು. ಪಂದ್ಯಕ್ಕೆ ಹೋದರೆ ಆ ಹೊತ್ತಿನ ಕೂಲಿ ಖೋತಾ. ಆ ಕೂಲಿಯನ್ನಾದರೂ ಕ್ಲಬ್ಬಿನಿಂದ ತುಂಬಿಕೊಡೋಣ ಎಂದು ಉತ್ತರದವರು ಕೇಳಿದರು. ಉಳ್ಳವರ ಕೈಯಲ್ಲಿದ್ದ ಯೂನಿಯನ್ ಒಪ್ಪಲಿಲ್ಲ. ಹಡರ್ಸ್‌ಫೀಲ್ಡ್ ಎಂಬ ಊರಿನ ಹೋಟೆಲೊಂದರಲ್ಲಿ ಸಭೆ ಸೇರಿ ಉತ್ತರದ ಕ್ಲಬ್‌ಗಳು ಬೇರೆಯಾದವು. ಅಲ್ಲಿಂದ ನೂರು ವರ್ಷ, ಅಂದರೆ 1995ರವರೆಗೆ, ಯೂನಿಯನ್ ಆಟದಲ್ಲಿ ಹಣ ಮುಟ್ಟುವಂತಿರಲಿಲ್ಲ. ಲೀಗ್ ಕಡೆ ಹೋದವನಿಗೆ ಯೂನಿಯನ್ ಬಾಗಿಲು ಮುಚ್ಚಿದಂತೆಯೇ. ಒಂಥರಾ ಊರಿನಿಂದ ಬಹಿಷ್ಕಾರ!

ವೇಲ್ಸ್ ದೇಶದಲ್ಲಿ ಯೂನಿಯನ್ ಆಟವೇ ದೇವರು. ಆದರೆ ಅದರ ರಾಜಧಾನಿ ಕಾರ್ಡಿಫ್‌ನ ಬಂದರು ಕೇರಿಯ ಕಪ್ಪು ಹುಡುಗರು ಎಷ್ಟೇ ಚೆನ್ನಾಗಿ ಆಡಿದರೂ ವೇಲ್ಸ್ ಯೂನಿಯನ್ ತಂಡಕ್ಕೆ ಆಯ್ಕೆಯಾಗುತ್ತಿರಲಿಲ್ಲ. ಆ ತಂಡದಲ್ಲಿ ಮೊದಲ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1980ರ ದಶಕದಲ್ಲಿ. ಹಾಗಾಗಿ ಪ್ರತಿಭೆ ಇದ್ದವರು ಉತ್ತರದ ರೈಲು ಹತ್ತಿ ಲೀಗ್ ಆಡಲು ಹೋಗುತ್ತಿದ್ದರು. ಬಿಲ್ಲಿ ಬೋಸ್ಟನ್ 1953ರಲ್ಲಿ ವಿಗನ್ ಕ್ಲಬ್ ಸೇರಿದ್ದು ಹೀಗೆಯೇ.

ಕ್ಲೈವ್ ಹುಟ್ಟಿದ್ದು 1943ರ ಏಪ್ರಿಲ್ 9ರಂದು, ಕಾರ್ಡಿಫ್‌ನ ಸ್ಪ್ಲಾಟ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ತಾಯಿಯ ಮೂಲ ಜಮೈಕಾ. ಹುಡುಗನಿಗೆ ಎಲ್ಲರಂತೆ ಓಡುವ ಆಸೆ, ಆದರೆ ದೇಹ ಕೇಳಬೇಕಲ್ಲ. ಕಾಲು, ಪಾದ, ಭುಜಗಳಿಗೆ ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಸರಿಯಾಗಿ ನಡೆದರೇ ಹೆಚ್ಚು, ಆಟದ ಮಾತಂತೂ ಬೇಡ ಎಂಬ ಸ್ಥಿತಿ. ಹದಿನಾಲ್ಕರ ಆಸುಪಾಸಿನ ಹುಡುಗ ಆ ಮಾತನ್ನು ಒಪ್ಪಿಕೊಂಡು ಆಟ ಬಿಟ್ಟ.

ಮುಂದೆ ಹೊಟ್ಟೆಪಾಡಿಗೆ ಸೈನ್ಯ ಸೇರಿದ. ಸಿಗ್ನಲ್ಸ್ ದಳ, ಯಾರ್ಕ್‌ಷೈರ್‌ನ ಕ್ಯಾಟರಿಕ್ ಶಿಬಿರಕ್ಕೆ ಪೋಸ್ಟಿಂಗ್. ಅಲ್ಲಿ ದಳ ದಳಗಳ ನಡುವೆ ರಗ್ಬಿ ಪಂದ್ಯ. ವೇಲ್ಸ್‌ನವನು ಎಂದ ಮೇಲೆ ರಗ್ಬಿ ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿ ಇವನ ಹೆಸರನ್ನೂ ಬರೆದುಬಿಟ್ಟರು. ತನ್ನ ಕಾಲಿನ ಕಥೆ ಹೇಳಿದರೆ ಸೈನ್ಯದ ಕೆಲಸಕ್ಕೇ ಕುತ್ತು ಬರಬಹುದು. ಹೇಳದಿದ್ದರೆ ಮೈದಾನದಲ್ಲಿ ಕಾಲು ಕೈಕೊಡಬಹುದು. ಸುಮ್ಮನೆ ಇಳಿದ. ಚೆಂಡು ಕೈಗೆ ಬಂತು, ಓಡಿದ, ಕಾಲು ನೋಯಲಿಲ್ಲ! ನನಗನ್ನಿಸುವ ಮಟ್ಟಿಗೆ ಈ ಮನುಷ್ಯನ ಬದುಕಿನ ದೊಡ್ಡ ಪಂದ್ಯ ಇದೇ. ಮುಂದೆ ವಿಶ್ವಕಪ್ ಬಂತು ನಿಜ, ಆದರೆ ತನ್ನ ಕಾಲು ತನಗೆ ವಾಪಸ್ ಸಿಕ್ಕಿದ್ದು ಕ್ಯಾಟರಿಕ್‌ನಲ್ಲಿ.

ಲೀಗ್ ಕ್ಲಬ್‌ಗಳತ್ತ ಮುಖ ಮಾಡಿದ. ಬ್ರಾಡ್‌ಫರ್ಡ್ ನಾರ್ದರ್ನ್ ಕ್ಲಬ್ ಪರೀಕ್ಷಿಸಿ ಬೇಡವೆಂದಿತು. ನಂತರ ಕರೆದದ್ದು ಹಲ್ ಕ್ಲಬ್. 1961ರ ಡಿಸೆಂಬರ್‌ನಲ್ಲಿ ಬ್ರಾಮ್ಲಿ ತಂಡದ ವಿರುದ್ಧ ಆಡಿಸಿದರು, ಆದರೆ ಪಟ್ಟಿಯಲ್ಲಿ ಹೆಸರು ಕ್ಲೈವ್ ಸಲಿವನ್ ಅಲ್ಲ, ಮಿಸ್ಟರ್ ಎಕ್ಸ್. ಮೇಲೆ ಹೇಳಿದ ಬಹಿಷ್ಕಾರದ ಭಯಕ್ಕೆ ಆಗಿನ ಕ್ಲಬ್‌ಗಳು ಹೊಸಬರ ಹೆಸರು ಮುಚ್ಚಿಡುತ್ತಿದ್ದವು. ಸೇರಿಸಿಕೊಳ್ಳದೆ ವಾಪಸ್ ಕಳಿಸಿದರೆ ಹುಡುಗನಿಗೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾಗಬಾರದಲ್ಲ. ಮಿಸ್ಟರ್ ಎಕ್ಸ್ ಆ ದಿನ ಮೂರು ಟ್ರೈ ಹೊಡೆದರು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದೇ ಟ್ರೈ; ಆಗ ಒಂದಕ್ಕೆ 3 ಅಂಕ. ಕ್ಲಬ್ ತಡಮಾಡದೆ ಸಹಿ ಹಾಕಿಸಿಕೊಂಡಿತು. ಹೆಸರು ಬಯಲಾಯಿತು.

ಹಾಗೆಂದು ಎಲ್ಲ ಸಲೀಸಾಗಲಿಲ್ಲ. 1964ರವರೆಗೂ ಸೈನ್ಯದ ಸಂಬಳ, ರಜೆ ಸಿಕ್ಕಾಗ ಆಟ. 1963ರಲ್ಲಿ ಕಾರು ಅಪಘಾತವಾಗಿ ಜೀವಕ್ಕೇ ಅಪಾಯವಾಗಿತ್ತು. ಕೆಲವೇ ತಿಂಗಳಲ್ಲಿ ಮತ್ತೆ ಮೈದಾನಕ್ಕೆ ಬಂದರು! ಮಂಡಿ ಆಗಾಗ ಕೈಕೊಡುತ್ತಿತ್ತು. 1967ರಲ್ಲಿ ಗ್ರೇಟ್ ಬ್ರಿಟನ್ ತಂಡಕ್ಕೆ ಆಯ್ಕೆ. ಒಟ್ಟು 17 ಬಾರಿ ಆ ಅಂಗಿ ತೊಟ್ಟರು. 1972ರಲ್ಲಿ ನಾಯಕತ್ವ.

ಆ ವರ್ಷ ಫ್ರಾನ್ಸ್‌ನಲ್ಲಿ ವಿಶ್ವಕಪ್. ಆಡಿದ್ದು ನಾಲ್ಕೇ ದೇಶ. ಬ್ರಿಟನ್ ಲೀಗ್ ಹಂತದಲ್ಲಿ ಆಸ್ಟ್ರೇಲಿಯಾವನ್ನು 27–21ರಿಂದ, ಫ್ರಾನ್ಸನ್ನು 13–4ರಿಂದ, ನ್ಯೂಜಿಲೆಂಡನ್ನು 53–19ರಿಂದ ಸೋಲಿಸಿತು. ನವೆಂಬರ್ 11ರಂದು ಲಿಯಾನ್ ನಗರದಲ್ಲಿ ಫೈನಲ್, ಎದುರಿಗೆ ಮತ್ತೆ ಆಸ್ಟ್ರೇಲಿಯಾ. ನೋಡಲು ಬಂದವರು ನಾಲ್ಕು ಸಾವಿರದಷ್ಟು, ನಮ್ಮ ಜಾತ್ರೆಯ ಕುಸ್ತಿಗೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಆಸ್ಟ್ರೇಲಿಯಾ ಮುಂದಿತ್ತು. ಅವರ ದಾಳಿಯೊಂದರಲ್ಲಿ ಚೆಂಡು ಕೈತಪ್ಪಿ ನೆಲಕ್ಕೆ ಬಿತ್ತು. ತಮ್ಮ ಗೆರೆಯ ಹತ್ತಿರದಲ್ಲೇ ಇದ್ದ ಸಲಿವನ್ ಅದನ್ನೆತ್ತಿಕೊಂಡು ಓಡಿದರು. ಸುಮಾರು 80 ಗಜ. ಬೆನ್ನು ಹತ್ತಿದವರು ಬೆನ್ನನ್ನಷ್ಟೇ ನೋಡಿದರು. ಚಿತ್ರದಲ್ಲಿ ಆ ಓಟ ನೋಡಿದವರಿಗೆ ಅವರ ಕಾಲಿಗೆ ಕತ್ತರಿ ಬಿದ್ದಿತ್ತೆಂದು ನಂಬಲಾಗದು.

ಅದೃಷ್ಟವೂ ಜೊತೆಗಿತ್ತು, ಅದನ್ನೂ ಹೇಳಬೇಕು. ಆಸ್ಟ್ರೇಲಿಯಾದ ನಾಯಕ ಗ್ರೇಮ್ ಲ್ಯಾಂಗ್‌ಲ್ಯಾಂಡ್ಸ್ ಗಾಳಿಯಲ್ಲಿ ಹಾರಿ ಹೊಡೆದ ಟ್ರೈಯನ್ನು ಫ್ರೆಂಚ್ ರೆಫರಿ ಆಫ್‌ಸೈಡ್ ಎಂದು ತಳ್ಳಿಹಾಕಿದರು. ಅದು ಸರಿಯಾದ ಟ್ರೈಯೇ ಆಗಿತ್ತು ಎಂದು ಚಿತ್ರ ನೋಡಿದವರು ಆಮೇಲೆ ಹೇಳಿದರು. ಆಟ 10–10ಕ್ಕೆ ಸಮ. ಹೆಚ್ಚುವರಿ 20 ನಿಮಿಷದಲ್ಲೂ ಯಾರಿಗೂ ಅಂಕವಿಲ್ಲ. ಲೀಗ್ ಹಂತದಲ್ಲಿ ಒಂದೂ ಸೋಲದ ಬ್ರಿಟನ್ನಿಗೆ ಕಪ್ ಕೊಟ್ಟರು. ಸಲಿವನ್ ನಾಲ್ಕೂ ಪಂದ್ಯಗಳಲ್ಲಿ ಟ್ರೈ ಹೊಡೆದಿದ್ದರು. ಆಮೇಲೆ 2022ರ ಕೊನೆಗೆ ನಡೆದ ವಿಶ್ವಕಪ್‌ವರೆಗೂ ಗ್ರೇಟ್ ಬ್ರಿಟನ್ ಆಗಲಿ, ಇಂಗ್ಲೆಂಡ್ ಆಗಲಿ ಆ ಕಪ್ ಮುಟ್ಟಲಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ತಂಡಕ್ಕೆ ಕಪ್ಪು ನಾಯಕ ಬಂದದ್ದು 1993ರಲ್ಲಿ, ಪಾಲ್ ಇನ್ಸ್. ಅದಕ್ಕೆ 21 ವರ್ಷ ಮೊದಲೇ ಗಣಿ, ಗಿರಣಿಯವರ ಆಟ ಆ ಕೆಲಸ ಮಾಡಿಯಾಗಿತ್ತು. ಆದರೂ ಲಂಡನ್ನಿನವರಿಗೆ ಇದು ದೊಡ್ಡ ಸುದ್ದಿ ಅನ್ನಿಸಲಿಲ್ಲ. ಉತ್ತರದ ಆಟ, ಉತ್ತರದವರ ಕಪ್ ಎಂದು ಸುಮ್ಮನಾದರು. ರಾಜಧಾನಿಯಿಂದ ದೂರ ಇರುವವರ ಗೆಲುವಿಗೆ ಎಲ್ಲ ಕಡೆಯೂ ಇದೇ ಬೆಲೆಯೇನೋ! ಅದು ಗಡಿಯಲ್ಲಿರುವ ನಮಗೂ ಗೊತ್ತು. 1974ರಲ್ಲಿ ಎಂಬಿಇ ಗೌರವವೇನೋ ಸಿಕ್ಕಿತು.

ಇನ್ನು ಹಲ್ ಊರಿನ ವಿಚಾರ. ಊರ ನಡುವೆ ಹಲ್ ಎಂಬ ಹೆಸರಿನದೇ ನದಿ. ಪಶ್ಚಿಮ ದಡದಲ್ಲಿ ಮೀನುಗಾರರ ಕೇರಿ, ಅವರದು ಕಪ್ಪು ಬಿಳುಪು ಪಟ್ಟೆಯ ಹಲ್ ಕ್ಲಬ್. ಪೂರ್ವ ದಡದಲ್ಲಿ ಬಂದರಿನ ಹಮಾಲರ ಕೇರಿ, ಅವರದು ಕೆಂಪು ಬಿಳುಪಿನ ಹಲ್ ಕಿಂಗ್‌ಸ್ಟನ್ ರೋವರ್ಸ್. ಒಂದೇ ಮಾತು, ಒಂದೇ ಚರ್ಚು, ಆದರೆ ಆಟದ ದಿನ ಬದ್ಧ ವೈರಿಗಳು. ಒಂದು ದಡದ ಹೀರೋ ಇನ್ನೊಂದು ದಡಕ್ಕೆ ಹೋದರೆ ಕ್ಷಮಿಸುವವರಲ್ಲ. ಪಶ್ಚಿಮದವರಿಗಾಗಿ 352 ಪಂದ್ಯಗಳಲ್ಲಿ 250 ಟ್ರೈ ಹೊಡೆದಿದ್ದ ಸಲಿವನ್, 1974ರಲ್ಲಿ ನದಿ ದಾಟಿ ರೋವರ್ಸ್ ಸೇರಿದರು! ಅಲ್ಲಿ 213 ಪಂದ್ಯ, 118 ಟ್ರೈ. ಪಶ್ಚಿಮದವರು ಬೈಯಲಿಲ್ಲವೆಂದಲ್ಲ, ಆದರೆ ದ್ವೇಷ ಹಿಡಿಯಲಿಲ್ಲ. ಗರ್ವವಿಲ್ಲದ, ಮೃದು ಸ್ವಭಾವದ ಮನುಷ್ಯ ಎಂಬುದು ಎರಡೂ ದಡಕ್ಕೆ ಗೊತ್ತಿತ್ತು.

1980ರ ಮೇ 3ರಂದು ಲಂಡನ್ನಿನ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್ ಆಡಿದ್ದು ಈ ಎರಡೇ ಕ್ಲಬ್. ಇಡೀ ಊರು ಬಸ್ಸು ಕಾರು ಹತ್ತಿ ಹೊರಟಿತು. ಕೊನೆಗೆ ಹೊರಟವರು ಊರಿನ ದೀಪ ಆರಿಸಿ ಬನ್ನಿ ಎಂದು ಹೆದ್ದಾರಿ ಪಕ್ಕ ಯಾರೋ ಬೋರ್ಡು ಬರೆದು ಇಟ್ಟಿದ್ದರಂತೆ. 95,000 ಜನರ ಮುಂದೆ ರೋವರ್ಸ್ 10–5ರಿಂದ ಗೆದ್ದಿತು. 37 ವರ್ಷದ ಸಲಿವನ್ ಗೆದ್ದ ತಂಡದಲ್ಲಿದ್ದರು. ಆಮೇಲೆ ಸ್ವಲ್ಪ ದಿನ ಓಲ್ಡ್ಹ್ಯಾಂ ಕ್ಲಬ್, ಮತ್ತೆ ತವರಿಗೆ ಬಂದಂತೆ ಹಲ್ ಕ್ಲಬ್. ಅಲ್ಲಿ ಕಿರಿಯರಿಗೆ ಕಲಿಸುವುದೇ ಹೆಚ್ಚಿನ ಕೆಲಸ. ಆದರೆ 1982ರಲ್ಲಿ ವಿಡ್ನೆಸ್ ವಿರುದ್ಧ ಸಮವಾಗಿದ್ದ ಕಪ್ ಫೈನಲ್ ಲೀಡ್ಸ್‌ನಲ್ಲಿ ಮತ್ತೆ ನಡೆದಾಗ 39ರ ಈ ಹಳಬರನ್ನೇ ಇಳಿಸಿದರು. ಹಲ್ 18–9ರಿಂದ ಗೆದ್ದಿತು. ಎರಡೂ ದಡದವರಿಗೆ ಕಪ್ ತಂದುಕೊಟ್ಟಂತಾಯಿತು.

ಮೂರೇ ವರ್ಷ. ಕ್ಯಾನ್ಸರ್ ಹಿಡಿಯಿತು. 1985ರ ಅಕ್ಟೋಬರ್ 8ರಂದು ಸಲಿವನ್ ತೀರಿಕೊಂಡಾಗ ವಯಸ್ಸು 42. ಮಗ ಆಂಥನಿ ಚಿಕ್ಕವನು. ಮುಂದೆ ಅವರೂ ರೋವರ್ಸ್‌ನಲ್ಲಿ ಆಟ ಶುರುಮಾಡಿ, ಸೇಂಟ್ ಹೆಲೆನ್ಸ್‌ನಲ್ಲಿ ಹೆಸರು ಮಾಡಿ, ವೇಲ್ಸ್ ಪರ ಲೀಗ್, ಯೂನಿಯನ್ ಎರಡನ್ನೂ ಆಡಿದರು. ಅಷ್ಟು ಹೊತ್ತಿಗೆ ಹಳೆಯ ಬಹಿಷ್ಕಾರ ಹೋಗಿತ್ತು.

ಹುಟ್ಟೂರು ಕಾರ್ಡಿಫ್ ನೆನಪಿಸಿಕೊಂಡದ್ದು ತಡವಾಗಿ. 2023ರ ಜುಲೈನಲ್ಲಿ ಬಂದರು ಪ್ರದೇಶದಲ್ಲಿ ಬಿಲ್ಲಿ ಬೋಸ್ಟನ್, ಗಸ್ ರಿಸ್ಮನ್ ಜೊತೆಗೆ ಸಲಿವನ್ ಪ್ರತಿಮೆ ನಿಲ್ಲಿಸಿದರು. ಮೂವರೂ ಅಲ್ಲಿಂದ ಉತ್ತರಕ್ಕೆ ಹೋಗಿ ಲೀಗ್‌ನಲ್ಲಿ ಹೆಸರಾದವರೇ. ಹಲ್ ಊರಿನವರು ಅಷ್ಟು ಕಾಯಲಿಲ್ಲ. ಹಂಬರ್ ಸೇತುವೆ ಕಡೆಯಿಂದ ಪೇಟೆಗೆ ಬರುವ ಮುಖ್ಯ ರಸ್ತೆಗೆ ಅವರು ಸತ್ತ ಮೇಲೆ ಕ್ಲೈವ್ ಸಲಿವನ್ ವೇ ಎಂದು ಹೆಸರಿಟ್ಟರು. ಪೂರ್ವದವರು, ಪಶ್ಚಿಮದವರು ಇಬ್ಬರೂ ಆ ಹೆಸರನ್ನು ಒಪ್ಪಿದರು.