ಸೆರೆಮನೆಯೇ ಲೇಸೆಂದ ರುಖ್ಮಾಬಾಯಿ

ಮುಂಬಯಿಯ ರುಖ್ಮಾಬಾಯಿಗೆ ವಿವಾಹವಾದಾಗ ವಯಸ್ಸು 11. ಮಲತಂದೆ ಡಾ. ಸಖಾರಾಮ್ ಅರ್ಜುನ್ ಮನೆಯಲ್ಲೇ ಉಳಿದು ಓದಿದ ಆಕೆ, ಪ್ರಾಯಕ್ಕೆ ಬಂದ ಮೇಲೆ ಪತಿ ದಾದಾಜಿ ಭಿಕಾಜಿಯೊಡನೆ ಬಾಳಲು ಒಪ್ಪಲಿಲ್ಲ. 1884ರಲ್ಲಿ ಆತ ದಾಂಪತ್ಯದ ಹಕ್ಕು ಕೋರಿ ಹೈಕೋರ್ಟ್ ಮೆಟ್ಟಿಲೇರಿದ. ಮರುವರ್ಷ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪಿತ್ತರೂ ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರ ಆದೇಶ ಸ್ಪಷ್ಟವಾಗಿತ್ತು: ಪತಿಗೃಹ ಸೇರಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ. ಆಕೆ ಸೆರೆವಾಸಕ್ಕೇ ಸಿದ್ಧರಾದರು. ಬಲವಂತವನ್ನೇ ಧರ್ಮವೆಂದು ನಂಬಿದ್ದ ಸಮಾಜಕ್ಕೆ ಅದು ಆಘಾತ. ತಿಲಕರಂಥ ಮುಂದಾಳುಗಳೂ ಆಕೆಯ ವಿರುದ್ಧವೇ ನಿಂತರೆಂಬುದು ಖೇದಕರ. ಕೊನೆಗೆ 1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿ ಪಡೆದು ಹಿಂದೆ ಸರಿದ. ಲಂಡನ್ನಿನಲ್ಲಿ ವೈದ್ಯಕೀಯ ಓದಿ ಮರಳಿದ ಡಾ. ರುಖ್ಮಾಬಾಯಿ ಸೂರತ್, ರಾಜಕೋಟ್‌ಗಳಲ್ಲಿ ದಶಕಗಳ ಕಾಲ ಮಹಿಳೆಯರಿಗೆ ಚಿಕಿತ್ಸೆ ನೀಡಿ, 1955ರಲ್ಲಿ ನಿಧನರಾದರು.