ಬುರುಡೆಯೊಳಗೆ ಗ್ಯಾಸ್ ತುಂಬಿದ ಲ್ಯಾಂಗ್‌ಮ್ಯೂರ್

ಈ ಸಲ ರಜೆಗೆ ಹೋದಾಗ ನಾವು ಅಜ್ಜಿ ಮನೆಯ ಹಳೇ ಬುರುಡೆ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದ್ವಿ. 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಹೆಚ್ಚುಕಮ್ಮಿ ಅಷ್ಟೇ ಬೆಳಕು ಕೊಡೋ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಆಗಲ್ಲ. ಲೆಕ್ಕ ಕೇಳಿ ಅಜ್ಜಿ ಒಪ್ಪಿದರು, ಬಚ್ಚಲುಮನೆ ಬಲ್ಬನ್ನು ಮಾತ್ರ ಮುಟ್ಟೋಕೆ ಬಿಡಲಿಲ್ಲ. ತೆಗೆದಿಟ್ಟ ಬಲ್ಬುಗಳಲ್ಲಿ ಒಂದರ ಗಾಜು ಒಳಗಡೆ ಕಪ್ಪಾಗಿತ್ತು. ಆ ಕಪ್ಪಿನ ಹಿಂದೆ ಬಿದ್ದವರ ಕಥೆ ಇದು.

ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅಂದ್ರೆ ಕೆಮಿಸ್ಟ್ರಿಯ ಐಸೋಥರ್ಮ್ ನೆನಪಾಗಿ ಕೆಲವರಿಗೆ ಹೊಟ್ಟೆ ತೊಳಸಬಹುದು. ಹೌದು, ಅವರೇ. 1881ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಹನ್ನೊಂದು ವರ್ಷ ಆಗೋವರೆಗೂ ಹುಡುಗನಿಗೆ ಕಣ್ಣು ಸರಿಯಾಗಿ ಕಾಣಲ್ಲ ಅನ್ನೋದು ಯಾರಿಗೂ ಗೊತ್ತಾಗಿರಲಿಲ್ಲ. ಕನ್ನಡಕ ಬಂದ ಮೇಲೆ ಕಣ್ಣೆದುರಿನ ಲೋಕವೇ ಬೇರೆಯಾಯಿತು.

1903ರಲ್ಲಿ ಕೊಲಂಬಿಯಾದಲ್ಲಿ ಮೆಟಲರ್ಜಿ ಎಂಜಿನಿಯರಿಂಗ್ ಮುಗಿಸಿದರು. ಆಮೇಲೆ ಜರ್ಮನಿಯ ಗಾಟಿಂಗನ್‌ನಲ್ಲಿ ನರ್ನ್‌ಸ್ಟ್ ಹತ್ತಿರ ಪಿಎಚ್‌ಡಿ. ಕಾದು ಬೆಳಗುವ ತಂತಿಯ ಪಕ್ಕ ಅನಿಲಗಳಿಗೆ ಏನಾಗುತ್ತೆ ಅನ್ನೋದೇ ಅಲ್ಲಿಯ ವಿಷಯ. ವಾಪಸ್ ಬಂದು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿದರು, ಆದರೆ ಸಂಶೋಧನೆಗೆ ಪುರುಸೊತ್ತೇ ಸಿಗಲಿಲ್ಲ. 1909ರ ಬೇಸಿಗೆ ರಜೆಯಲ್ಲಿ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯಕ್ಕೆ ಹೋದವರು 1950ರಲ್ಲಿ ನಿವೃತ್ತಿ ಆಗೋವರೆಗೂ ಅಲ್ಲೇ ಇದ್ದರು. ನಮ್ಮ ಇಂಟರ್ನ್‌ಶಿಪ್‌ಗಳು ಯಾಕೆ ಹೀಗಾಗಲ್ಲ?

ಆಗ ಟಂಗ್‌ಸ್ಟನ್ ಬಲ್ಬ್ ಹೊಸದು. ಒಳಗಿನ ಗಾಳಿ ಪೂರ್ತಿ ತೆಗೆದಿರುತ್ತಿದ್ದರು, ಆದರೂ ಉರಿದಷ್ಟೂ ಗಾಜು ಕಪ್ಪಾಗಿ ಬೆಳಕು ಮಂಕಾಗುತ್ತಿತ್ತು. ನಿರ್ವಾತ ಇನ್ನೂ ಚೆನ್ನಾಗಿದ್ರೆ ಸರಿಹೋಗುತ್ತೆ ಅಂತ ಎಲ್ಲರ ನಂಬಿಕೆ. ಲ್ಯಾಂಗ್‌ಮ್ಯೂರ್ ಉಲ್ಟಾ ಹೊರಟರು. ಬೇಕಂತಲೇ ಒಂದೊಂದೇ ಅನಿಲವನ್ನು ಒಳಗೆ ಬಿಟ್ಟು ಏನಾಗುತ್ತೆ ಅಂತ ನೋಡಿದರು. ಕಂಪನಿಗೆ ತಕ್ಷಣ ಲಾಭ ಇಲ್ಲದ ಈ ಕೆಲಸವನ್ನು ಅವರ ನಿರ್ದೇಶಕ ವಿಟ್ನಿ ತಡೆಯಲಿಲ್ಲ, ಅದು ದೊಡ್ಡ ವಿಷಯ.

ಕೊನೆಗೆ ಗೊತ್ತಾಗಿದ್ದು ಇಷ್ಟು: ಆ ಕಪ್ಪು ತಂತಿಯದ್ದೇ. ಟಂಗ್‌ಸ್ಟನ್ ಬಿಸಿಗೆ ಆವಿಯಾಗಿ ಗಾಜಿಗೆ ಅಂಟುತ್ತಿತ್ತು. ಅಂದ್ರೆ ನಿರ್ವಾತ ಎಷ್ಟೇ ಚೆನ್ನಾಗಿ ಮಾಡಿದ್ರೂ ಪ್ರಯೋಜನ ಇಲ್ಲ. ಒಳಗೆ ನೈಟ್ರೋಜನ್ ತುಂಬಿದರೆ ಹೊರಟ ಪರಮಾಣುಗಳು ಅನಿಲಕ್ಕೆ ಡಿಕ್ಕಿ ಹೊಡೆದು ಎಷ್ಟೋ ವಾಪಸ್ ತಂತಿಗೇ ಬರುತ್ತವೆ. ಆದರೆ ಇಲ್ಲೊಂದು ತೊಡಕು. ಅನಿಲ ತಂತಿಯ ಶಾಖವನ್ನೂ ಎಳೆದುಕೊಳ್ಳುತ್ತೆ, ತೆಳು ತಂತಿಗೆ ಈ ನಷ್ಟ ವಿಪರೀತ. ದಪ್ಪ ತಂತಿಗೆ ಹೋಲಿಸಿದರೆ ಕಮ್ಮಿ. ಹಾಗಂತ ದಪ್ಪ ತಂತಿ ಹಾಕಿದರೆ ಕರೆಂಟ್ ಜಾಸ್ತಿ ಬೇಕು. ಅದಕ್ಕೆ ತೆಳು ತಂತಿಯನ್ನೇ ಸ್ಪ್ರಿಂಗ್ ಥರ ಸುತ್ತಿದರು! ಅನಿಲದ ಪಾಲಿಗೆ ಇಡೀ ಸುರುಳಿ ಒಂದು ದಪ್ಪ ತಂತಿ. 1913ರಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು. ದೊಡ್ಡ ದೀಪಗಳಲ್ಲಿ ಅಷ್ಟೇ ಬೆಳಕಿಗೆ ಸುಮಾರು ಅರ್ಧ ವಿದ್ಯುತ್ ಸಾಕಾಯಿತು, ಜನ ಅದನ್ನು ಅರ್ಧ ವ್ಯಾಟ್ ದೀಪ ಅಂತಲೇ ಕರೆದರು. ಆಮೇಲೆ ನೈಟ್ರೋಜನ್ ಜಾಗಕ್ಕೆ ಆರ್ಗಾನ್ ಬಂತು.

ಮುಂದಿನದ್ದನ್ನು ಬೇಗ ಹೇಳಿಬಿಡ್ತೀವಿ. ಅಟಾಮಿಕ್ ಹೈಡ್ರೋಜನ್ ವೆಲ್ಡಿಂಗ್ ಇವರದ್ದು. ಪ್ಲಾಸ್ಮಾ ಅನ್ನೋ ಹೆಸರನ್ನು 1928ರಲ್ಲಿ ಇಟ್ಟವರೂ ಇವರೇ. 1932ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. 1946ರಲ್ಲಿ ಇವರ ಜೊತೆಗಾರ ಶೇಫರ್ ಮೋಡಕ್ಕೆ ಡ್ರೈ ಐಸ್ ಸುರಿದ ಮೇಲೆ ಇವರಿಗೆ ಮೋಡ ಬಿತ್ತನೆಯ ಹುಚ್ಚು ಹಿಡಿಯಿತು. 2017ರಲ್ಲಿ ನಮ್ಮ ಸರ್ಕಾರ ಮಾಡಿದ ವರ್ಷಧಾರೆಯ ಬೇರು ಅಲ್ಲಿದೆ. ಮಳೆಯ ವಿಷಯದಲ್ಲಿ ಮಾತ್ರ ಇವರು ಸಾಕ್ಷಿಗಿಂತ ಜಾಸ್ತಿ ನಂಬಿಬಿಟ್ಟರು ಅಂತ ನಮಗನ್ನಿಸುತ್ತೆ.

1957ರಲ್ಲಿ ತೀರಿಕೊಂಡರು. ಅಷ್ಟೆಲ್ಲ ಕಷ್ಟಪಟ್ಟು ಸುಧಾರಿಸಿದ ಬಲ್ಬು ಕೂಡ ತಿಂದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಶಾಖ ಮಾಡಿ ಬಿಸಾಡುತ್ತೆ. ಒಂದು ಕಾಲಕ್ಕೆ ಕರೆಂಟ್ ಉಳಿಸುತ್ತಿದ್ದದ್ದು ಅದೇ, ಈಗ ನಾವು ಗೋಣಿಚೀಲಕ್ಕೆ ಹಾಕಿದ್ದೂ ಅದೇ. ಬಚ್ಚಲುಮನೆಯದ್ದು ಇನ್ನೂ ಉರೀತಿದೆ. ದಸರಾ ರಜೆಗೆ ಹೋದಾಗ ಅಜ್ಜಿನ ಇನ್ನೊಂದು ಸಲ ಕೇಳಿ ನೋಡಬೇಕು.